ಕೆಂಪು ಅಕ್ಷರದ ಚೀಟಿ

ಅವಳು ಸಸಿಯ ಸಿಪ್ಪೆ ಸುಲಿದು ನೋಡಿದಳು. ನುಣ್ಣಗಿರಬೇಕಾದ ಕಾಂಡದ ತುಂಬ ಸೂಜಿಯಲ್ಲಿ ಚುಚ್ಚಿದಂತೆ ಗುಳಿಗಳು. ಚಿಗುರೆಲೆಗಳ ಅಡಿಯಲ್ಲಿ ಕರಿ ಹೇನುಗಳು ಒಂದರ ಮೇಲೊಂದು ಬಿದ್ದು ರಸ ಹೀರುತ್ತಿದ್ದವು. ಅವುಗಳ ಅಂಟು ಬೆರಳಿಗೆ ಮೆತ್ತಿಕೊಂಡು, ಎಷ್ಟು ಒರೆಸಿದರೂ ಹೋಗಲಿಲ್ಲ. ಥೂ! ನಾನೂರು ಕಿತ್ತಳೆ ಸಸಿಗಳದ್ದೂ ಇದೇ ಹಣೆಬರಹ.

ಈ ನರ್ಸರಿಯಲ್ಲಿ ಕಸಿ ಕಟ್ಟುವವಳು ಅವಳು. ಪಕ್ಕದ ತೋಟದಲ್ಲಿ, ಕಾಂಡಕ್ಕೆ ಹೀಗೆ ಗುಳಿ ಬೀಳಿಸಿ ಮರ ಕೊಲ್ಲುವ ವೈರಸ್ ಇತ್ತು. ಹೇನುಗಳು ಅದನ್ನು ಹೊತ್ತು ತರುತ್ತಿದ್ದವು. ಅದಕ್ಕೇ ಅವಳು ಹಿತ್ತಲಲ್ಲಿ ಒಂದು ತಾಯಿಮರ ಸಾಕಿದ್ದಳು. ಅದರೊಳಗೆ ಅದೇ ಜಾತಿಯ, ಆದರೆ ಮರಕ್ಕೆ ಕೇಡು ಮಾಡದ ಸಾಧು ವೈರಸ್. ಆ ಮರದ ಮೊಗ್ಗು ತಂದು ಕಸಿ ಕಟ್ಟಿದ ಸಸಿಯಲ್ಲಿ ಸಾಧು ಮೊದಲೇ, ಬೆಂಚಿನ ಉದ್ದಕ್ಕೂ ಕಾಲು ಚಾಚಿ ಮಲಗಿದವನಂತೆ, ಸೇರಿಕೊಂಡಿರುತ್ತಿತ್ತು; ಆಮೇಲೆ ಬಂದ ಪೋಕರಿ ವೈರಸ್ಸಿಗೆ ಕೂರಲು ಜಾಗವೇ ಇಲ್ಲ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ಅವಳು ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಹಾಸಿಗೆ ಹಿಡಿದಿದ್ದಾಗ ನರ್ಸರಿ ನೋಡಿಕೊಂಡವನು ಗಂಡನ ಅಣ್ಣ.

"ಭಾವ, ಮೊಗ್ಗು ಯಾವ ಮರದಿಂದ ತೆಗೆಸಿದ್ರಿ?"

"ಹೊಸ ಮರದ್ದಮ್ಮ. ಲ್ಯಾಬಲ್ಲಿ ಟೆಸ್ಟ್ ಮಾಡಿಸಿದ್ದೀನಿ, ಒಂದೇ ಒಂದು ರೋಗ ಇಲ್ಲ."

"ಅಯ್ಯೋ ನಿಮ್ಮ! ರೋಗ ಇಲ್ಲದ್ದಕ್ಕೇ ಹೀಗಾಗಿರೋದು!"

ಹೋಗಲಿ, ತಾಯಿಮರ ಒಂದಿದ್ದರೆ ಮತ್ತೆ ಮೊದಲಿಂದ ಶುರು ಮಾಡಬಹುದು. ಅವಳು ಬೆನ್ನು ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು. ಅಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಒದ್ದೆ ಬೂದಿ, ಬೂದಿಯ ಮೇಲೆ ಯಾರೋ ಸುರಿದ ಕೊಳೆತ ಹಣ್ಣು. ನೊಣಗಳು ಮುಖಕ್ಕೇ ಹಾರಿದವು.

"ಬೇರು ಸಮೇತ ಕೀಳಿಸಿ ಸುಟ್ಟೆ. ಬೇರೆ ಗಿಡಕ್ಕೆ ಹರಡಬಾರದಲ್ಲ," ಹಿಂದೆಯೇ ಬಂದ ಭಾವ ಹೆಮ್ಮೆಯಿಂದ ಹೇಳಿದ.

ಅವಳಿಗೆ ಅವನ ಮುಖ ನೋಡುವುದಕ್ಕೂ ಹೇಸಿಗೆಯಾಯಿತು. "ಯಾರ್ರೀ ಹೇಳಿದ್ದು ನಿಮಗೆ?"

ಭಾವ ಪೆಚ್ಚಾದ. ಷೆಡ್ಡಿಗೆ ಹೋಗಿ, ಮೊಳೆಗೆ ಸಿಕ್ಕಿಸಿಟ್ಟಿದ್ದ ಚೀಟಿ ತಂದು ಅವಳ ಅಂಟುಗೈಗೆ ಕೊಟ್ಟ. ತಾಯಿಮರದ ಕೊಂಬೆಗೆ ಕಟ್ಟಿದ್ದ ಚೀಟಿ ಅದು. ಕೆಂಪು ಅಕ್ಷರ, ಕೆಳಗೆ ಎರಡು ಗೆರೆ: 'ವೈರಸ್ ಇದೆ.'

ಅಷ್ಟೇ ಬರೆದಿದ್ದಳು. ಅದು ಗಿಡ ಕಾಪಾಡುವ ವೈರಸ್ ಅಂತ ಇನ್ನೊಂದು ಸಾಲು ಬರೆಯಲು ಜಾಗವಿತ್ತು. ಇದೇ ಭಾವ ಒಮ್ಮೆ ಇದೇನಮ್ಮ ಅಂತ ಕೇಳಿಯೂ ಇದ್ದ. "ಹೇಳಿದ್ರೆ ನಿಮ್ಮ ತಲೆಗೆ ಹೋಗಲ್ಲ ಬಿಡಿ," ಅಂದಿದ್ದಳು.

"ನಿನ್ನ ಅಕ್ಷರವೇ ಅಲ್ವೇನಮ್ಮ?" ಭಾವ ಮೆಲ್ಲಗೆ ಕೇಳಿದ.

ಚೀಟಿ ಬೆರಳಿಗೆ ಅಂಟಿಕೊಂಡಿತ್ತು. ಕೊಡವಿದಳು. ಬೀಳಲಿಲ್ಲ.