ಎಂಟಕ್ಕೆ ಹತ್ತು ನಿಮಿಷ

ಝೂರಾಕಾನ್ ಇಪ್ಪತ್ತೆಂಟು ವರ್ಷದಿಂದ ಆಸ್ಪತ್ರೆಯ ಚುಚ್ಚುಮದ್ದಿನ ಕೋಣೆಯಲ್ಲಿ ದಾದಿಯಾಗಿದ್ದಳು. ಇಸ್ಸಿಕ್-ಕುಲ್ ಸರೋವರದ ದಂಡೆಯ ಆ ಗಾಳಿಯ ಊರಿನಲ್ಲಿ ನಾಯಿ ಕಚ್ಚಿಸಿಕೊಂಡವರೆಲ್ಲ ಅವಳ ಕೈಯಿಂದಲೇ ಸೂಜಿ ಚುಚ್ಚಿಸಿಕೊಳ್ಳಬೇಕು. ಆ ಚಳಿಗಾಲ ಕಸದ ತೊಟ್ಟಿಗಳ ಹತ್ತಿರ ಬೀದಿನಾಯಿಗಳ ಹಿಂಡು ಬೆಳೆದು, ವಾರಕ್ಕೆ ಐದಾರು ಮಂದಿ ಬರತೊಡಗಿದರು. ಕೆನ್ನೆ ಹರಿದ ಏಳು ವರ್ಷದ ಹುಡುಗಿಯೊಬ್ಬಳನ್ನು ತಾಯಿ ಕಂಬಳಿಯಲ್ಲಿ ಸುತ್ತಿ ತಂದ ದಿನ ಝೂರಾಕಾನ್ ಊರಿನ ಆಡಳಿತಕ್ಕೆ ಒಂದು ಮನವಿ ಬರೆದಳು. ಬೀದಿನಾಯಿಗಳನ್ನು ಕೊಲ್ಲಿಸಿ ಎಂಬುದಷ್ಟೇ ಅದರ ಸಾರ. ಮೊದಲ ಸಹಿ ತಾನೇ ಹಾಕಿ, ಮನೆಮನೆ ಸುತ್ತಿ ಇನ್ನೂರು ಸಹಿ ಕೂಡಿಸಿದಳು.

ಗಂಡ ಆಶಿಂಬಾಯ್ ಸಹಿ ಹಾಕಲಿಲ್ಲ. ಬೆಟ್ಟದ ದಾರಿಗಳಲ್ಲಿ ಲಾರಿ ಓಡಿಸಿ ನಿವೃತ್ತನಾಗಿದ್ದ ಅವನಿಗೆ ಅಕ್ತೋಶ್ ಎಂಬ ಬೇಟೆನಾಯಿಯಿತ್ತು. ಉದ್ದ ಕಾಲು, ಕಪ್ಪು ಮೈ, ಎದೆಯ ಮೇಲೆ ಅಂಗೈಯಗಲ ಬಿಳಿ. ಬೆಳಗಾದರೆ ಅವನು ಗೇಟು ತೆಗೆಯುವನು. ಅದು ಸರೋವರದ ತನಕ ಓಡಿ, ಕಂಡವರ ಅಂಗಳ ಹೊಕ್ಕು, ಮಧ್ಯಾಹ್ನ ಮೈತುಂಬ ಮುಳ್ಳು ಅಂಟಿಸಿಕೊಂಡು ಬರುವುದು. ಒಮ್ಮೆ ಕಾರಿಗೆ ಸಿಕ್ಕಿ ಪಕ್ಕೆಲುಬು ಮುರಿದುಕೊಂಡಿತು. ಇನ್ನೊಮ್ಮೆ ಯಾರೋ ಇಲಿಗಿಟ್ಟ ವಿಷ ತಿಂದು ನೆಲಹಿಡಿದಾಗ ಝೂರಾಕಾನ್ ಮೂರು ದಿನ ಗ್ಲೂಕೋಸ್ ಏರಿಸಿ ಬದುಕಿಸಿದಳು. ಆಗೆಲ್ಲ ಅವಳು ಕಟ್ಟಿಹಾಕು ಎಂದು ಜಗಳವಾಡಿದ್ದಳು. ಅವನ ಉತ್ತರ ಒಂದೇ: "ಅದೇನು ಕುರಿಯಾ ಕಟ್ಟೋಕೆ?" ಕೊರಳಿಗೆ ಒಂದು ಪಟ್ಟಿ ಹಾಕಲಿಕ್ಕೂ ಬಿಡಲಿಲ್ಲ.

ಫೆಬ್ರವರಿಯಲ್ಲಿ ಆಡಳಿತದವರು ಗೋಡೆಗೋಡೆಗೆ ಚೀಟಿ ಅಂಟಿಸಿದರು. ನಾಲ್ಕು ದಿನ, ಬೆಳಗಿನ ಐದರಿಂದ ಎಂಟರವರೆಗೆ, ಹೊರಗೆ ಕಂಡ ನಾಯಿಗೆ ಗುಂಡು. ಸಾಕಿದವರು ಕಟ್ಟಿಕೊಳ್ಳಬೇಕು. ಕೋವಿ ಹಿಡಿಯುವವನು ಮೆದೆರ್‌ಬೆಕ್. ಲಾರಿ ಡಿಪೋದಲ್ಲಿ ಆಶಿಂಬಾಯ್ ಜೊತೆ ಮೆಕ್ಯಾನಿಕ್ ಆಗಿದ್ದು, ಡಿಪೋ ಮುಚ್ಚಿದ ಮೇಲೆ ಸಿಕ್ಕ ಕೆಲಸಕ್ಕೆಲ್ಲ ಕೈಹಾಕುತ್ತ, ಈಗ ಊರಿನ ಆಡಳಿತದಲ್ಲಿ ಕೆಲಸಕ್ಕಿದ್ದ. ಅವರ ಮನೆಗೆ ಬಂದಾಗಲೆಲ್ಲ ಅಕ್ತೋಶ್‌ಗೆ ತನ್ನ ಪಾಲಿನ ಮೂಳೆ ಹಾಕಿ ಹೋಗುವವನು.

ಆ ವಾರ ಆಶಿಂಬಾಯ್ ಸೊಂಟ ಹಿಡಿದು ಮಲಗಿದ್ದ. ಮೂರು ದಿನ ಝೂರಾಕಾನ್ ನಾಯಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದಳು. ಹುಟ್ಟಿದಾಗಿನಿಂದ ಹಗ್ಗ ಕಾಣದ ಪ್ರಾಣಿ, ಅನ್ನ ನೀರು ಬಿಟ್ಟು ಊಳಿಟ್ಟಿತು. ನಾಲ್ಕನೆಯ ಬೆಳಿಗ್ಗೆ ಅದರ ಕೊರಳು ಉಜ್ಜಿ ರಕ್ತ ಬಂದಿತ್ತು.

"ಮುದ್ಕೀ, ಅದರ ಅಳು ಕೇಳೋಕಾಗ್ತಿಲ್ಲ, ಬಿಟ್ಟುಬಿಡೇ," ಎಂದ ಆಶಿಂಬಾಯ್ ಹಾಸಿಗೆಯಿಂದ. "ನಿನ್ನ ಕಟುಕರು ಇಷ್ಟೊತ್ತಿಗೆ ಮನೆ ಸೇರಿರ್ತಾರೆ."

ಅವಳು ಗಡಿಯಾರ ನೋಡಿದಳು. ಎಂಟಕ್ಕೆ ಹತ್ತು ನಿಮಿಷ. ಅರ್ಧ ಗಂಟೆಯಿಂದ ಗುಂಡಿನ ಸದ್ದಿರಲಿಲ್ಲ. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಹಗ್ಗ ಬಿಚ್ಚಿ ಗೇಟು ತೆಗೆದಳು.

ಒಲೆಯ ಮೇಲಿನ ಹಾಲು ಇಳಿಸುವಷ್ಟರಲ್ಲಿ ಗುಂಡು ಹಾರಿತು.

ಬೀದಿಯ ತಿರುವಿನಲ್ಲಿ ಮೆದೆರ್‌ಬೆಕ್ ಕೋವಿ ಇಳಿಬಿಟ್ಟು ನಿಂತಿದ್ದ. ಅಕ್ತೋಶ್ ಹಿಂಗಾಲು ಎಳೆದುಕೊಂಡು ಮನೆಯ ಕಡೆಗೆ ತೆವಳುತ್ತಿತ್ತು. ಹಿಂಡಿನ ನಾಯಿಗಳಲ್ಲಿ ಹೆಚ್ಚಿನವು ಕೋವಿ ಕಂಡು ಮೊದಲ ದಿನವೇ ಗುಡ್ಡ ಹತ್ತಿದ್ದವು. ಹಳೆಯ ಗೆಳೆಯನ ವಾಸನೆ ಹಿಡಿದು ಓಡಿಹೋದದ್ದು ಇದೊಂದೇ.

"ಎಜೆ, ನನ್ನ ಕಡೆಗೇ ಓಡಿಬಂತು," ಎಂದ ಮೆದೆರ್‌ಬೆಕ್. ಸ್ವಂತ ಅಕ್ಕನನ್ನು ಕರೆದಂತೆಯೇ ಅವಳನ್ನು ಎಜೆ ಎಂದು ಕರೆಯುವುದು ಅವನಿಗೆ ರೂಢಿ. "ಗಾಳೀಲಿ ಹಿಮದ ಪುಡಿ, ಕಣ್ಣು ಬಿಡೋಕಾಗ್ಲಿಲ್ಲ. ಮೈಮೇಲೆ ಬೀಳುತ್ತೆ ಅಂದ್ಕೊಂಡೆ. ಕೊರಳಲ್ಲಿ ಒಂದು ಪಟ್ಟಿನೂ ಇಲ್ಲ."

ಝೂರಾಕಾನ್ ಕುಳಿತು ಗಾಯ ಮುಟ್ಟಿದಳು. ಬೆನ್ನುಮೂಳೆ ಹೋಗಿತ್ತು. ಎಷ್ಟೋ ಗಾಯ ನೋಡಿದವಳಿಗೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ.

"ಮುಗಿಸಿಬಿಡು," ಎಂದಳು.

ಅವನು ಆಗಲ್ಲ ಎಂದ.

"ಶುರು ಮಾಡಿದವನು ನೀನು. ಮುಗಿಸು."

ಅವನು ಮುಗಿಸಿದ. ಅಲ್ಲಿಯೇ ಗೋಡೆಗೆ ಹಣೆ ಒತ್ತಿ ನಿಂತ.

ಒಳಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಕೇಳಿದ, "ಎಂಟಾಗಿತ್ತಾ?"

"ಆಗಿತ್ತು." ಮಾತು ತಾನಾಗಿ ಬಾಯಿಂದ ಬಿತ್ತು.

ಸೊಂಟ ನೆಟ್ಟಗಾದ ದಿನವೇ ಆಶಿಂಬಾಯ್ ಮೆದೆರ್‌ಬೆಕ್ ಮೇಲೆ ದೂರು ಕೊಟ್ಟ. ಅವಧಿ ಮುಗಿದ ಮೇಲೆ ಗುಂಡು ಹಾರಿಸಿದ್ದಾನೆ ಎಂದು ಬರೆದ. ವಿಚಾರಣೆಗೆ ಬಂದ ಅಧಿಕಾರಿಗೆ ಝೂರಾಕಾನ್ ಚಹಾ ಕೊಟ್ಟು, ಎಂಟಾಗಿತ್ತು ಎಂಬ ಹೇಳಿಕೆಯ ಕೆಳಗೆ ಅವನು ತೋರಿಸಿದ ಕಡೆ ಸಹಿ ಹಾಕಿದಳು. ಮೆದೆರ್‌ಬೆಕ್ ತನ್ನ ಲೆಕ್ಕದಲ್ಲಿ ಎಂಟಾಗಿರಲಿಲ್ಲ ಎಂದಷ್ಟೇ ಹೇಳಿದನಂತೆ. ಗೇಟು ತೆಗೆದವರು ಯಾರೆಂದು ಅವನು ಬಾಯಿಬಿಡಲಿಲ್ಲ. ನಿಯಮ ಮುರಿದವನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನು ಎಂದು ಬರೆದು ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಮಾರ್ಚ್ ಕೊನೆಗೆ ಹೆದ್ದಾರಿಯ ಪಕ್ಕದಲ್ಲಿ ಅವನು ಬೇರೆಯವರು ಹೊಗೆಯಲ್ಲಿ ಒಣಗಿಸಿದ ಮೀನು ಮಾರುವುದನ್ನು ಕಂಡಳು. ಮುಖ ತಿರುಗಿಸಿಕೊಂಡು ಹೋಗುವಷ್ಟರಲ್ಲಿ ಅವನೇ ಕರೆದ.

"ಎಜೆ, ಅಕ್ತೋಶ್‌ನ ಎಲ್ಲಿ ಮಣ್ಣು ಮಾಡಿದ್ರಿ?"

ಮನೆಯ ಹಿಂದೆ, ಏಪ್ರಿಕಾಟ್ ಮರದ ಹತ್ತಿರ ಎಂದಳು. ಅವನು ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿದ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತ ಗಂಡನ ಮುಂದೆ ಎಲ್ಲವನ್ನೂ ಹೇಳಿದಳು. ಆಶಿಂಬಾಯ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಗುಂಡು ಕೇಳಿದಾಗ ರೇಡಿಯೋದಲ್ಲಿ ಎಂಟರ ವಾರ್ತೆ ಇನ್ನೂ ಬಂದಿರಲಿಲ್ಲ."

"ಗೊತ್ತಿದ್ದೂ ಅವನ ಮೇಲೆ ಬರೆದ್ಯಾ?"

"ಇನ್ಯಾರ ಮೇಲೆ ಬರೀಲಿ? ನಿನ್ನ ಮೇಲಾ? ನನ್ನ ಮೇಲಾ?"

ಮರುದಿನ ಅವಳು ನಡೆದದ್ದನ್ನೆಲ್ಲ ಬರೆದು, ಮೊದಲು ಮೆದೆರ್‌ಬೆಕ್‌ಗೆ ತೋರಿಸಿದಳು. ಅವನು ನಿಧಾನವಾಗಿ ಎರಡು ಸಲ ಓದಿದ. ಕೆಲಸ ತನಗೆ ಬೇಡ, ಕರೆದರೂ ಹೋಗುವುದಿಲ್ಲ ಎಂದ.

"ಆದ್ರೆ ನನ್ನನ್ನ ಸುಳ್ಳ ಅಂತ ಬರೆದಿದಾರಲ್ಲ ಎಜೆ, ಅದನ್ನ ಅಳಿಸ್ತಾರಾ ಕೇಳಿ."

ಅವಳು ಆಡಳಿತದ ಕಚೇರಿಗೆ ಹೋಗಿ ಕೇಳಿದಳು. ಆ ಕಡತ ಮುಗಿದು ಜಿಲ್ಲಾ ಕಚೇರಿಗೆ ಹೋಯಿತು, ಒಂದು ನಾಯಿಗೋಸ್ಕರ ಯಾರೂ ಅದನ್ನು ವಾಪಸ್ ತರಿಸುವುದಿಲ್ಲ ಎಂದ ಗುಮಾಸ್ತ. ಅವಳ ಕಾಗದಕ್ಕೆ ಮಾತ್ರ ಒಂದು ಮೊಹರು ಒತ್ತಿ ಇಟ್ಟುಕೊಂಡ.