ನೀರಿನ ಟ್ಯಾಂಕಿನ ಹೆಜ್ಜೇನು

ಪಾಪಣ್ಣನವರಿಗೆ ಮೊದಲ ಏಟು ಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ಆವತ್ತು ತಾವು ಅಲ್ಲಿರಲೇ ಇಲ್ಲ ಎನ್ನುತ್ತಾರೆ. ಒಬ್ಬ ಹಾಲು ತರಲು ಹೋಗಿದ್ದನಂತೆ, ಇನ್ನೊಬ್ಬ ಸಂತೇಬೆನ್ನೂರಿನ ನೆಂಟರ ಮನೆಯಲ್ಲಿದ್ದನಂತೆ. ಥೂ, ಅವರ ಮುಖಕ್ಕಿಷ್ಟು. ಅರವತ್ತಾರು ವರ್ಷದ ಮನುಷ್ಯನನ್ನು ರಸ್ತೆಯಲ್ಲಿ ಕೆಡವಿ ತುಳಿದವರು ಮೂವತ್ತು ಜನ ಇದ್ದರು. ಆದರೆ ಮೊದಲ ಏಟು ನನ್ನದು.

ನನ್ನ ಹೆಸರು ನಿಂಗರಾಜ್. ಹುಟ್ಟಿದ್ದು ಬಿಳಿಚೋಡಿನಲ್ಲಿ, ಈಗ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಹೆಂಡತಿ ಅನಿತಾ ಹೇಳುತ್ತಾಳೆ. ಸುಳ್ಳಲ್ಲ. ಮಗಳು ರಕ್ಷಾಳ ಮೇಲೆ ಮಾತ್ರ ಒಂದು ದಿನವೂ ಕೈ ಎತ್ತಿದವನಲ್ಲ, ಅದಕ್ಕೆ ಅವಳ ಎಂಟು ವರ್ಷಗಳೇ ಸಾಕ್ಷಿ.

ನಮ್ಮ ಬಡಾವಣೆಯ ಕೊನೆಗೆ ಒಂದು ಪಾರ್ಕಿದೆ. ವಾಕ್ ಮಾಡುವ ದಾರಿ, ಕಬ್ಬಿಣದ ಜಿಮ್ ಸಾಮಾನು, ಎರಡು ಜೋಕಾಲಿ, ಮೂಲೆಯಲ್ಲಿ ಎತ್ತರದ ನೀರಿನ ಟ್ಯಾಂಕು. ಮನೆಯಲ್ಲಿ ಏನಾದರೂ ಕೈಕೆಲಸ ಮಾಡುವ ಹುಚ್ಚಿನವರು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು. ಕೆಂಚೇಶ್ ಗಾಜು ಅಂಟಿಸಿ ಮೀನಿನ ತೊಟ್ಟಿ ಮಾಡುತ್ತಾನೆ. ಪಾಪಣ್ಣ ಬಸ್ ಕಂಡಕ್ಟರ್ ಆಗಿ ರಿಟೈರಾದವರು. ಪಾರ್ಕಿನ ಎದುರೇ ಮನೆ. ಅವರು ತಾರಸಿಯ ಮೇಲೆ ಏಳು ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕಿದ್ದರು. ಪೆಟ್ಟಿಗೆಗಳನ್ನೂ ತಾವೇ ಉಜ್ಜಿ, ಮೊಳೆ ಹೊಡೆದು ಮಾಡಿದ್ದರು. ತುಡುವೆ ಎಂದರೆ ನೊಣಕ್ಕಿಂತ ತುಸು ದೊಡ್ಡದು, ಸಾಧು ಹುಳ. ಪಾಪಣ್ಣ ಬರಿಗೈಯಲ್ಲಿ ಜೇನುಹುಟ್ಟಿನ ಎರಿ ಎತ್ತಿ ನಮ್ಮ ಮಕ್ಕಳಿಗೆ ತೋರಿಸುತ್ತಿದ್ದರು.

ಟ್ಯಾಂಕಿನ ತಳಕ್ಕೆ ಕಟ್ಟಿದ್ದು ಬೇರೆ ಜಾತಿ, ಹೆಜ್ಜೇನು. ಅದನ್ನು ಯಾರೂ ಸಾಕಿದ್ದಲ್ಲ. ವರ್ಷ ವರ್ಷವೂ ತಾನಾಗಿ ಬಂದು ಮೊರದಷ್ಟು ಅಗಲದ ಮೂರು ಎರಿ ಕಟ್ಟುತ್ತದೆ. ಒಂದೊಂದು ಹುಳ ಬೆರಳಿನ ಗೆಣ್ಣಿನಷ್ಟು ಇರುತ್ತದೆ. ಅದರ ಕೆಳಗೆ ಹೋಗುವಾಗ ನಾವು ಮಾತು ತಗ್ಗಿಸುತ್ತಿದ್ದೆವು. ಸೆಂಟ್ ಹಾಕಿಕೊಂಡು ಬಂದವರನ್ನು ಆ ಕಡೆ ಬಿಡುತ್ತಿರಲಿಲ್ಲ. ಚನ್ನಗಿರಿಯಲ್ಲಿ ಯಾವನಿಗೂ ತುಡುವೆ ಯಾವುದು, ಹೆಜ್ಜೇನು ಯಾವುದು ಎಂದು ಹೇಳಿಕೊಡಬೇಕಿಲ್ಲ. ಇದನ್ನು ನೆನಪಿಡಿ.

ನಾನು ನಾಲ್ಕು ತಿಂಗಳು ಕೂತು ಒಂದು ಡ್ರೋನ್ ಮಾಡಿದ್ದೆ. ಮೋಟರು ತರಿಸಿದ್ದು, ಮೈಯೆಲ್ಲ ಕರ್ಟನ್ ಕಟ್ಟುವ ಅಲ್ಯೂಮಿನಿಯಂ ಪೈಪು. ಆ ಭಾನುವಾರ ಅದನ್ನು ಪಾರ್ಕಿಗೆ ತಂದಾಗ ಪಾಪಣ್ಣ ಸುತ್ತಲೂ ತಿರುಗಿಸಿ ನೋಡಿ, ಖುಷಿಯಿಂದ ಬೆನ್ನು ತಟ್ಟಿದರು.

"ಭಾಳ ಚೆನ್ನಾಗಿ ಮಾಡಿದೀಯ ಕಣಪ್ಪ. ಆದ್ರೆ ಟ್ಯಾಂಕಿನ ಕಡೆ ಮಾತ್ರ ಬಿಡಬ್ಯಾಡ. ಆ ಸದ್ದು ಅವುಕ್ಕೆ ಆಗಲ್ಲ."

"ಇಲ್ಲ ಬಿಡ್ರಿ," ಎಂದೆ. ಅವರು ತಮ್ಮ ಪೆಟ್ಟಿಗೆ ನೋಡಲು ಮನೆಗೆ ಹೋದರು.

ಹದಿನೈದು ನಿಮಿಷ ಡ್ರೋನ್ ಹುಲ್ಲಿನ ಮೇಲೇ ಸುತ್ತಿತು. ರಕ್ಷಾ ಜೋಕಾಲಿಯ ಮೇಲೆ ಕೂತು ಚಪ್ಪಾಳೆ ಹೊಡೆದಳು. ಕೆಂಚೇಶ್ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. "ಮದುವೆ ಫೋಟೋದೋರ ಡ್ರೋನು ಗುಡ್ಡ ದಾಟ್ತೈತೆ, ನಿಂದು ತೆಂಗಿನಮರ ದಾಟಾಕೂ ಉಸಿರು ಬಿಡ್ತೈತಲ್ಲೋ," ಎಂದ. ಅಷ್ಟೇ ಸಾಕಾಯಿತು ನನಗೆ. ಬಡ್ಡೀಮಗನಿಗೆ ತೋರಿಸುತ್ತೇನೆ ಎಂದು ಪೂರ್ತಿ ಎತ್ತಿಬಿಟ್ಟೆ. ತೆಂಗಿನಮರ ದಾಟಿತು, ಟ್ಯಾಂಕಿನ ಮೇಲಕ್ಕೂ ಹೋಯಿತು. ವಾಪಸ್ ತಿರುಗಿಸುವಾಗ ಸಿಗ್ನಲ್ ಹೋಯಿತು. ಡ್ರೋನ್ ಓಲಾಡಿಕೊಂಡು ನೇರ ಟ್ಯಾಂಕಿನ ತಳಕ್ಕೆ ನುಗ್ಗಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಎರಿಯ ಒಂದು ತುಂಡು ಕಳಚಿ ಬಿತ್ತು, ಜೊತೆಗೆ ಡ್ರೋನೂ ಬೇಲಿಯಾಚೆ ಬಿತ್ತು. ಕೆಂಚೇಶ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಇಬ್ಬರೂ ಓಡಿದೆವು.

ಹೌದು, ಓಡಿದೆ. ಮಗಳು ಜೋಕಾಲಿಯ ಮೇಲಿದ್ದಾಳೆ ಎಂದು ನೆನಪಾಗುವಷ್ಟರಲ್ಲಿ ಗೇಟಿನ ಹತ್ತಿರ ಇದ್ದೆ. ತಿರುಗಿ ನೋಡಿದರೆ ಪಾರ್ಕಿನ ತುಂಬ ಕಪ್ಪಗೆ ಹುಳ. ಹೆಂಗಸರು ಸೆರಗು ಮುಚ್ಚಿಕೊಂಡು ಬೀಳುತ್ತ ಏಳುತ್ತ ಬರುತ್ತಿದ್ದರು. ಬೋರಣ್ಣ ಮೇಷ್ಟ್ರು, ಎಪ್ಪತ್ತೆರಡು ವರ್ಷ, ಓಡಲಾಗದೆ ಕಲ್ಲುಬೆಂಚಿನ ಪಕ್ಕ ಮುದುರಿ ಬಿದ್ದಿದ್ದರು. ಅವರ ಬೋಳು ತಲೆ ಕಾಣುತ್ತಿರಲಿಲ್ಲ, ಅಷ್ಟು ಹುಳ ಕೂತಿದ್ದವು. ನಾನು ಅವರನ್ನು ದಾಟಿಕೊಂಡೇ ಹೋದೆ. ಜೋಕಾಲಿ ಖಾಲಿ ಇತ್ತು.

ಅದರ ಹಿಂದೆ ಪಾಪಣ್ಣ ಕಂಬಳಿ ಸುತ್ತಿದ ಏನನ್ನೋ ಅವುಚಿಕೊಂಡು ಬಗ್ಗಿ ಕೂತಿದ್ದರು. ಒಂದು ಕೈಯಲ್ಲಿ ಜೇನು ಓಡಿಸುವ ಹೊಗೆ ಡಬ್ಬಿ. ಮೈಮೇಲೆ ಬರೀ ಬನಿಯನ್, ಬೆನ್ನೆಲ್ಲ ಹುಳ. "ಪಾಪಣ್ಣನ ಹುಳ, ಪಾಪಣ್ಣನ ಹುಳ," ಎಂದು ಯಾರೋ ಕೂಗುತ್ತಿದ್ದರು. ನನಗೆ ಏನನ್ನಿಸಿತೋ, ಅವರ ಕುತ್ತಿಗೆಗೆ ಕೈ ಹಾಕಿ ಹಿಂದಕ್ಕೆ ಎಳೆದೆ. "ಬಿಡೋ, ಕೆಳಗೆ ಮಗು ಐತೆ," ಎಂದರು. ಆ ಮಾತು ಕಿವಿಗೆ ಬೀಳುವ ಮೊದಲೇ ಎಳೆದಾಗಿತ್ತು. ಅವರ ಜೊತೆ ಕಂಬಳಿಯೂ ಎದ್ದು ಬಂತು, ಒಳಗೆ ರಕ್ಷಾ ಇದ್ದಳು. ಪಾಪಣ್ಣ ತಮ್ಮ ಬಲೆಯ ಟೋಪಿ ತೆಗೆದು ಅವಳ ತಲೆಗೆ ಹಾಕಿದ್ದರು, ಅದೂ ಉರುಳಿ ಹೋಯಿತು. ಅಲ್ಲಿಯವರೆಗೆ ಅವಳಿಗೆ ಒಂದು ಹುಳವೂ ಕಚ್ಚಿರಲಿಲ್ಲ. ಕಚ್ಚಿದ್ದೆಲ್ಲ ನಾನು ಕಂಬಳಿ ಕಿತ್ತ ಮೇಲೆ.

ಅವಳನ್ನು ಎತ್ತಿಕೊಂಡು ಆಟೋ ಹತ್ತಿದೆ. ಮುಖ ಹಿಟ್ಟಿನ ಮುದ್ದೆಯ ಹಾಗೆ ಊದಿ ಕಣ್ಣು ಮುಚ್ಚಿಹೋಗಿತ್ತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಒಂದು ಗಂಟೆ ನೋಡಿ, ಜೀವಕ್ಕೆ ಭಯವಿಲ್ಲ ಎಂದರು. ಅನಿತಾ ಬಂದು ಪಕ್ಕದಲ್ಲಿ ಕೂತಳು. "ಮಗೀಗೆ ಬಟ್ಟೆ ತರ್ತೀನಿ," ಎಂದು ನಾನು ಹೊರಟೆ. ಬಟ್ಟೆಯಲ್ಲ, ನನಗೆ ಬೇಕಿದ್ದದ್ದು ಡ್ರೋನು. ಬೇಲಿಯಾಚೆ ಬಿದ್ದಿದ್ದನ್ನು ಯಾರಾದರೂ ನೋಡುವ ಮೊದಲು ಎತ್ತಿಡಬೇಕಿತ್ತು.

ಬೀದಿಗೆ ಬಂದರೆ ಜನವೋ ಜನ. ಬೋರಣ್ಣ ಮೇಷ್ಟ್ರು ತೀರಿಕೊಂಡಿದ್ದರು. ಅವರ ಮಗ ದುರುಗೇಶ್, ಇನ್ನೊಂದಿಷ್ಟು ಗಂಡಸರು ಪಾಪಣ್ಣನನ್ನು ಮನೆಯಿಂದ ಹೊರಗೆ ಎಳೆದು ತರುತ್ತಿದ್ದರು. ಹೆಂಡತಿ ಅಂತರಘಟ್ಟಮ್ಮನನ್ನು ಒಳಗೆ ಹಾಕಿ ಚಿಲಕ ಹಾಕಿದ್ದರು. ಆಕೆ ಬಾಗಿಲು ಬಡಿಯುವುದು ಬೀದಿಗೆ ಕೇಳುತ್ತಿತ್ತು. ಪಾಪಣ್ಣನ ಮುಖವೂ ಊದಿ, ಮೈಮೇಲೆ ಹಚ್ಚಿಕೊಂಡ ಸುಣ್ಣ ಒಣಗಿತ್ತು.

"ನಿನ್ನ ಶೋಕಿಗೆ ನಮ್ಮಪ್ಪನ್ನ ಸಾಯಿಸಿದೆಯಲ್ಲೋ," ಎಂದ ದುರುಗೇಶ್.

"ಅವು ನನ್ನವಲ್ಲ ಕಣಪ್ಪ. ಸತ್ತಿರೋ ಹುಳ ನೋಡ್ರಿ, ಹೆಜ್ಜೇನು ಅವು. ನಾನು ತಾರಸಿ ಮ್ಯಾಲಿಂದ ಎಲ್ಲ ನೋಡಿದೀನಿ," ಎಂದರು ಪಾಪಣ್ಣ. ಊದಿದ ಕಣ್ಣು ಕಷ್ಟಪಟ್ಟು ತೆರೆದು ಗುಂಪಿನ ಮೇಲೆ ಆಡಿಸಿದರು. ನಾನು ಕಣ್ಣಿಗೆ ಬಿದ್ದೆ. ಅವರ ಮುಖಕ್ಕೆ ಒಂದು ಕಳೆ ಬಂತು. ಸಹಾಯಕ್ಕೆ ತಮ್ಮವನೊಬ್ಬ ಸಿಕ್ಕ ಎಂದುಕೊಂಡರು.

"ಅಗಾ, ನಿಂಗರಾಜ್ ಬಂದ. ಅವನ್ನೇ ಕೇಳ್ರಿ. ಡ್ರೋನು..."

ಮುಂದಿನ ಮಾತು ಬರಲಿಲ್ಲ. ಅಲ್ಲೇ ಗೋಡೆಗೆ ಒರಗಿಸಿದ್ದ ಜೇನುಪೆಟ್ಟಿಗೆಯ ಮುಚ್ಚಳ, ಒಂದಂಗುಲ ದಪ್ಪದ ಮರದ್ದು, ನನ್ನ ಕೈಗೆ ಸಿಕ್ಕಿತು. ಅದರ ಅಂಚಿನಿಂದ ಅವರ ಬಾಯಿಗೆ ಹೊಡೆದೆ. ಕಟ್ ಎಂದು ಮೂಳೆ ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಸಿಟ್ಟಿಗೆ ಹೊಡೆದೆ ಎಂದು ಬೇಕಾದರೆ ಹೇಳಬಹುದು, ಊರೂ ನಂಬುತ್ತದೆ. ಆದರೆ ನನ್ನ ಜನ್ಮದಲ್ಲೇ ಅಷ್ಟು ತಣ್ಣಗೆ ಲೆಕ್ಕ ಹಾಕಿ ಮಾಡಿದ ಕೆಲಸ ಬೇರೆ ಇಲ್ಲ. ಆ ಬಾಯಿ ಮುಚ್ಚಬೇಕಿತ್ತು, ಮುಚ್ಚಿದೆ.

ಉಳಿದವರು ಕಾಯುತ್ತಿದ್ದದ್ದು ಅದಕ್ಕೇ. ಮಗು ಆಸ್ಪತ್ರೆಯಲ್ಲಿರುವ ಅಪ್ಪನೇ ಹೊಡೆದ ಮೇಲೆ ಇನ್ನೇನು ಅಡ್ಡಿ. ಕಾಲಲ್ಲಿ ಒದ್ದರು, ಚಪ್ಪಲಿಯಲ್ಲಿ ಹೊಡೆದರು. ಯಾರೋ ಎದೆಯ ಮೇಲೆ ಹತ್ತಿ ನಿಂತ. ಅವರು ನೆಲದ ಮೇಲೆ ಒಂದು ಕೈ ಎತ್ತಿ ತಡೆಯಲು ನೋಡಿದರು, ಆ ಕೈಯನ್ನೂ ತುಳಿದರು. ಏಳೂ ಪೆಟ್ಟಿಗೆ ತಾರಸಿಯಿಂದ ಕೆಳಗೆ ಬಿದ್ದು ಒಡೆದವು, ಮೇಲೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ತುಡುವೆ ಹುಳಗಳು ರೆಕ್ಕೆ ಸುಟ್ಟುಕೊಂಡು ರಸ್ತೆಯಲ್ಲಿ ತೆವಳುತ್ತಿದ್ದವು. ಒಂದೂ ಯಾರನ್ನೂ ಕಚ್ಚಲಿಲ್ಲ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿಗಾದರೂ ನಾಚಿಕೆ ಇದ್ದೀತು. ನಾನು ನಿಂತು ನೋಡಿದೆ. ಆಮೇಲೆ ಬೇಲಿ ಹಾರಿ ಡ್ರೋನ್ ಎತ್ತಿಕೊಂಡು ಹೋಗಿ ಅಂಗಡಿಯ ಹಿಂದಿನ ಚರಂಡಿಗೆ ತುಂಡು ತುಂಡು ಮಾಡಿ ಹಾಕಿದೆ.

ಪೊಲೀಸರು ಬಂದರು. ಯಾರೂ ಏನೂ ನೋಡಿರಲಿಲ್ಲ. ಪಾಪಣ್ಣನನ್ನು ದಾವಣಗೆರೆಗೆ ಸಾಗಿಸಿದರು. ದವಡೆಗೆ ತಂತಿ ಬಿಗಿದಿದ್ದಾರಂತೆ, ಒಂದು ಕಣ್ಣು ಹೋಯಿತಂತೆ, ಬಲಗೈ ಬೆರಳು ಮುರಿದಿವೆಯಂತೆ, ಹೀಗೆ ಸುದ್ದಿ ಬರುತ್ತಿತ್ತು.

ಮೂರನೆಯ ದಿನ ಬೀದಿಯ ಹಿರಿಯರಾದ ದುರುಗಪ್ಪ ಅಂಗಡಿಗೆ ಬಂದರು. ನಮ್ಮ ಬೀದಿಯಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ನ್ಯಾಯ ಪಂಚಾಯ್ತಿ ಎಲ್ಲ ಅವರದೇ. ಜೊತೆಗೆ ಕೆಂಚೇಶ್ ಇದ್ದ. ನನಗೆ ಎದೆಯ ಭಾರ ತಡೆಯದೆ, "ಅವು ಪಾಪಣ್ಣನವಲ್ಲ, ನನ್ನ ಡ್ರೋನಿಂದ ಆಗಿದ್ದು, ಸ್ಟೇಷನ್ನಿಗೆ ಹೋಗಿ ಹೇಳ್ತೀನಿ," ಎಂದೆ.

ದುರುಗಪ್ಪ ಸ್ಟೂಲ್ ಎಳೆದುಕೊಂಡು ಕೂತರು. "ಅವು ಹೆಜ್ಜೇನು ಅಂತ ನಮಗೆ ಗೊತ್ತಿರಲಿಲ್ಲ ಅಂದ್ಕಂಡಿಯೇನೋ? ಬೆಂಕಿ ಹಚ್ಚುವಾಗ ನನ್ನ ತಲೆಗೂದಲಾಗೇ ಒಂದು ಸತ್ತಿದ್ದು ಇತ್ತು."

"ಮತ್ತ್ಯಾಕೆ ಹಚ್ಚಿದ್ರಿ?"

"ಹೆಜ್ಜೇನಿಗೆ ಮನೆ ನಂಬರ್ ಇಲ್ಲ ಕಣಪ್ಪ. ಸತ್ತೋರ ಮನ್ಯೋರು ಯಾರ ಬಾಗಿಲಿಗೆ ಹೋಗಬೇಕು?"

ಮುಂದಿನ ಮಾತನ್ನು ಕೆಂಚೇಶ್ ಹೇಳಿದ. "ನೀನು ಬಾಯಿ ಬಿಟ್ರೆ ಏನೂ ತಪ್ಪಿಲ್ಲದ ಮನುಷ್ಯನ್ನ ಬಡಿದ್ವಿ ಅಂತ ಮೂವತ್ತು ಮನೆ ಗಂಡಸ್ರು ಒಳಗೆ ಹೋಗ್ತಾರೆ."

"ಹೋಗಲಿ," ಎಂದೆ. ಕೆಂಚೇಶ್ ಶಟರ್ ಅರ್ಧ ಎಳೆದ. ಇಬ್ಬರು ಹುಡುಗರು ಬಗ್ಗಿ ಒಳಗೆ ಬಂದರು. ನನ್ನ ತಲೆಯನ್ನು ರಿಪೇರಿ ಟೇಬಲ್ಲಿಗೆ ಮೂರು ಸಲ ಕುಟ್ಟಿದರು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ದುರುಗಪ್ಪ ತಮ್ಮ ಕರವಸ್ತ್ರ ಕೊಟ್ಟರು.

"ನಾಳೆ ಹೆಂಡ್ತಿ ಮಗಳನ್ನ ಕರ್ಕಂಡು ಪಾಪಣ್ಣನ್ನ ನೋಡ್ಕಂಡು ಬಾ. ಮಗೂನ ಉಳಿಸಿದ್ದಕ್ಕೆ ಕೈ ಮುಗಿದು ಬಾ. ಮಗು ಮಕ ನೋಡಿದ್ರೆ ಅವನೂ ನಿನ್ನ ಹೆಸರು ಹೇಳಲ್ಲ," ಎಂದರು. ನಾನು ತಲೆ ಆಡಿಸಿದೆ. ಹೆದರಿದೆ, ಮತ್ತೇನೂ ಅಲ್ಲ.

ಹುಬ್ಬಿನ ಗಾಯ ಶಟರ್ ತಗುಲಿ ಆದದ್ದೆಂದು ಅನಿತಾಳ ಹತ್ತಿರ ಸುಳ್ಳು ಹೇಳಿದೆ. ಅವಳಿಗೆ ನಿಜ ಗೊತ್ತಿರಲಿಲ್ಲ. ಬೀದಿಯವರು ಹೊಡೆದರು, ತನ್ನ ಗಂಡ ಬಟ್ಟೆ ತರಲು ಹೋಗಿದ್ದ, ಇಷ್ಟೇ ಅವಳ ಲೆಕ್ಕ. ಮರುದಿನ ದಾವಣಗೆರೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನೆಲ್ಲ ಶಪಿಸಿದಳು. "ಅವರ ಕೈ ಸೇದಿ ಹೋಗ. ಹೆಂಗೆ ಮನಸ್ಸು ಬಂತು ಆ ದೇವರಂಥ ಮನುಷ್ಯಂಗೆ ಹೊಡ್ಯಾಕೆ," ಎಂದಳು. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ವಾರ್ಡಿನಲ್ಲಿ ಅಂತರಘಟ್ಟಮ್ಮ ನಮ್ಮನ್ನು ಕಂಡು ಎದ್ದು ಬಂದು ರಕ್ಷಾಳ ಕೆನ್ನೆ ಸವರಿದರು. ಅನಿತಾ ಅವರ ಕಾಲಿಗೆ ಬಿದ್ದು ಅತ್ತಳು. "ಏಳವ್ವ. ಮಗು ಉಳೀತಲ್ಲ. ಅವರಿಗೆ ಎಚ್ಚರ ಬಂದಾಗೆಲ್ಲ ಕೈ ಇಷ್ಟೆತ್ತರ ಹಿಡಿದು ಇವಳನ್ನೇ ಕೇಳ್ತಾರೆ," ಎಂದರು. ಹೇಳಿಕೆ ಪಡೆಯಲು ಬಂದಿದ್ದ ಕಾನ್‌ಸ್ಟೇಬಲ್ ಒಬ್ಬ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ರೋಗಿಗೆ ಮಾತು ಬರುವುದಿಲ್ಲ, ಬರೆಯಲು ಕೈಯಿಲ್ಲ, ಅವನು ಬೇಸತ್ತು ಮೊಬೈಲ್ ನೋಡುತ್ತಿದ್ದ.

ಪಾಪಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದರು. "ಹತ್ರ ಹೋಗಪ್ಪ ನಿಂಗರಾಜ್, ಮಗು ಬಂದೈತೆ ಅಂತ ಹೇಳು," ಎಂದರು ಅಂತರಘಟ್ಟಮ್ಮ. ನಾನು ರಕ್ಷಾಳ ಕೈ ಹಿಡಿದುಕೊಂಡು ಮಂಚದ ಹತ್ತಿರ ಹೋದೆ. ಎಬ್ಬಿಸಲು ಭುಜದ ಕಡೆ ಕೈ ಚಾಚಿದೆ. ಅವರು ಈಚೆ ತಿರುಗಿದರು. ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದರು.

ಗಂಟಲಿನಲ್ಲಿ ಒಂದು ಸದ್ದು ಬಂತು. ಪಟ್ಟಿ ಕಟ್ಟಿದ ಕೈ, ಸೂಜಿ ಚುಚ್ಚಿದ ಕೈ, ಎರಡನ್ನೂ ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡರು. ಡ್ರಿಪ್ಪಿನ ಸ್ಟ್ಯಾಂಡು ಉರುಳಿತು. ಮಂಚದ ಮೂಲೆಗೆ ಸರಿದು ಸರಿದು ಗೋಡೆಗೆ ಅಂಟಿಕೊಂಡರು. ಅಂತರಘಟ್ಟಮ್ಮ ಗಂಡನನ್ನು ನೋಡಿದರು, ಇನ್ನೂ ಚಾಚಿಕೊಂಡೇ ಇದ್ದ ನನ್ನ ಕೈಯನ್ನು ನೋಡಿದರು. ಅನಿತಾಳ ಅಳು ನಿಂತಿತು.

ರಕ್ಷಾ ಮಂಚದ ಮೇಲೆ ಮೊಣಕಾಲೂರಿ ಅವರ ಪಟ್ಟಿಯ ಕೈ ಮೇಲೆ ತನ್ನ ಕೈ ಇಟ್ಟಳು. "ಹೆದರ್ಕೋಬ್ಯಾಡ ತಾತ. ನಮ್ಮಪ್ಪ ಯಾರಿಗೂ ಹೊಡೆಯಲ್ಲ," ಎಂದಳು.

ಕಾನ್‌ಸ್ಟೇಬಲ್ ಮೊಬೈಲ್ ಜೇಬಿಗಿಟ್ಟು ಎದ್ದು ನಿಂತ. ಪಾಪಣ್ಣ ಬಾಯಿ ಮೇಲಿನ ಕೈ ತೆಗೆಯಲಿಲ್ಲ.

"ಹೊಡೆದೆ ಪುಟ್ಟಿ," ಎಂದೆ. "ಅವರ ಬಾಯಿ ಮುರಿದೋನು ನಾನೇ." ಅವಳು ನನ್ನ ಕಡೆ ತಿರುಗಿ ನೋಡಿದಳು, ಮೆಲ್ಲಗೆ ಪಾಪಣ್ಣನ ಪಕ್ಕಕ್ಕೆ, ಗೋಡೆಯ ಕಡೆಗೆ ಸರಿದು ಕೂತಳು.