ಎಡಗಡೆಯ ಎರಡು ಬೆರಳು ಜಾಗ

ಪಾಂಡವಪುರದ ಪಾತ್ರೆ ಅಂಗಡಿಯೊಂದರ ಜಗಲಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಸ್ಟೀಲ್ ಪಾತ್ರೆಗಳಿಗೆ ಹೆಸರು ಬರೆದ ಚಲುವರಾಜುವಿನ ಬಲಗೈ, ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಅವನ ಮಾತು ಕೇಳುವುದನ್ನೇ ಬಿಟ್ಟಿತ್ತು. ಗುರ್ ಎನ್ನುವ ಕೈಮಿಷನ್ನು ಹಿಡಿದೂ ಹಿಡಿದೂ ಅದರ ನಡುಕವೆಲ್ಲ ಕೈಗೆ ಇಳಿದಿತ್ತು. ಮದುವೆಯ ತಟ್ಟೆಗೆ ಗಂಡು ಹೆಣ್ಣಿನ ಹೆಸರು, ತಿಥಿಯ ದಿನ ನೆಂಟರಿಗೆ ಹಂಚುವ ಲೋಟಕ್ಕೆ ಸತ್ತವರ ಹೆಸರು, ಎಲ್ಲವೂ ಆ ಕೈಯನ್ನು ದಾಟಿಯೇ ಹೋಗಿದ್ದವು. ಈಗ ಅವನು ಬರೆದದ್ದನ್ನು ಓದಲು ಕನ್ನಡಕ ಸಾಲದು, ಕವಡೆ ಶಾಸ್ತ್ರದವನೇ ಬೇಕು ಎಂದು ಗಿರಾಕಿಗಳು ನಗುತ್ತಿದ್ದರು. ನಗಲಿ. ಅವನ ಸಂಕಟ ಬೇರೆಯೇ ಇತ್ತು. ಮಗಳು ಸಹನಳಿಗೆ ಸಿಂಧಘಟ್ಟದ ಅಶೋಕನ ಜೊತೆ ಮದುವೆ ಗೊತ್ತಾಗಿತ್ತು. ಊರವರ ಪಾತ್ರೆಗೆಲ್ಲ ಮುತ್ತು ಪೋಣಿಸಿದವನು ಹೆತ್ತ ಮಗಳ ಪಾತ್ರೆಗೆ ಕೋಳಿ ಕೆದರಿದ ಹಾಗೆ ಬರೆದು ಕಳಿಸುವುದೇ?

ಅಷ್ಟರಲ್ಲಿ ನಾಗಮಂಗಲದಿಂದ ಸುದ್ದಿ ಬಂತು. ಮರಿಸ್ವಾಮಿ ಎಂಬವನು ಕಂಪ್ಯೂಟರ್ ಹೇಳಿದ ಹಾಗೆ ತಾನೇ ಅಕ್ಷರ ಕೊರೆಯುವ ಮಿಷನ್ನು ಇಟ್ಟುಕೊಂಡಿದ್ದನಂತೆ. ಅವನು ತೀರಿಕೊಂಡ ಮೇಲೆ ಹೆಂಡತಿ ಪಾರ್ವತಮ್ಮ ಅದನ್ನು ಮಾರುತ್ತಿದ್ದಾಳಂತೆ. ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದ ಸಹನಳನ್ನು ಜೊತೆ ಮಾಡಿಕೊಂಡು ಚಲುವರಾಜು ಬಸ್ಸು ಹತ್ತಿದ.

ಹಳೇ ಮಿಷನ್ನು ಕೊಳ್ಳುವವನು ಏನು ನೋಡಬೇಕೆಂದು ಅವನಿಗೇನು ಗೊತ್ತು? ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ಸೂಜಿ ನೋಡಿದ, ತಟ್ಟೆ ಸಿಗಿಸುವ ಹಲಗೆಯನ್ನು ತಟ್ಟಿದ, ಎಣ್ಣೆಯ ವಾಸನೆ ಹಿಡಿದು ತಲೆಯಾಡಿಸಿದ. ಕನ್ನಡದ ಅಕ್ಷರಗಳನ್ನೆಲ್ಲ ಮರಿಸ್ವಾಮಿಯೇ ಒಂದೊಂದಾಗಿ ಬರೆದು ಅದರೊಳಗೆ ತುಂಬಿದ್ದನಂತೆ. ಪರೀಕ್ಷೆಗೆಂದು ಸಹನ ಒಂದು ತಟ್ಟೆ ಸಿಗಿಸಿ ಅಪ್ಪನ ಹೆಸರನ್ನೇ ಒತ್ತಿದಳು. ಸೂಜಿ ನಡೆಯತೊಡಗಿತು. ನಡುವೆ ಕರೆಂಟು ಹೋಯಿತು, ಬಂತು. ನಿಂತ ಜಾಗದಿಂದಲೇ ಸೂಜಿ ಮತ್ತೆ ಹೊರಟಿತು.

"ಇಡ್ದ ಕೆಲ್ಸ ಮುಗಿಸ್ದೆ ಬುಡಾಕಿಲ್ಲ ಕಣಣ್ಣ ಅದು" ಎಂದಳು ಪಾರ್ವತಮ್ಮ.

ಆ ಮಾತಿಗೇ ಮಾರುಹೋಗಿ ಚಲುವರಾಜು ಮಿಷನ್ನನ್ನು ಕಂಪ್ಯೂಟರ್ ಸಮೇತ ಮನೆಗೆ ಹೇರಿಕೊಂಡು ಬಂದ. ತನ್ನ ಹೆಸರಿನ ತಟ್ಟೆಯಲ್ಲೇ ಅಂದಿನಿಂದ ಊಟ ಮಾಡತೊಡಗಿದ.

ಅಕ್ಷರಗಳೇನೋ ಚೆಲುವಾಗಿದ್ದವು. ಆದರೆ ಹೆಸರು ನಡುಮಧ್ಯಕ್ಕೆ ಬರುತ್ತಿರಲಿಲ್ಲ. ಪ್ರತಿ ಸಲವೂ ಎಡಗಡೆ ಎರಡು ಬೆರಳಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಅವನು ತಟ್ಟೆಯನ್ನು ಸರಿಸಿ ಸಿಗಿಸಿದ, ತಿರುಗಿಸಿ ಸಿಗಿಸಿದ. ಸಹನ ಕಂಪ್ಯೂಟರಿನಲ್ಲಿ ಅಳತೆ ಬದಲಾಯಿಸಿದಳು. ಏನು ತಿಪ್ಪರಲಾಗ ಹಾಕಿದರೂ ಆ ಜಾಗ ಹೋಗಲಿಲ್ಲ. ಹೊಸಬರಿಗೆ ಹೀಗೇ ಆಗುತ್ತದೆ, ಕೈ ಪಳಗಬೇಕು ಎಂದು ಅವರು ಸುಮ್ಮನಾದರು.

ಒಂದು ದಿನ ಹೊಣಕೆರೆ ಕಡೆಯ ತಮ್ಮಯ್ಯ ಮೇಷ್ಟ್ರು ಗೃಹಪ್ರವೇಶಕ್ಕೆಂದು ಲೋಟ ತಂದರು. ಕಲ್ಲುಗುಂಡಿನಂಥ ಆಳು. ಮೊದಲ ಲೋಟಕ್ಕೆ ಅವರ ಹೆಸರು ಬರೆದು ಮುಗಿಸಿದ ಸೂಜಿ ನಿಲ್ಲಲಿಲ್ಲ. ಮೆಲ್ಲಗೆ ಹಿಂದಕ್ಕೆ ನಡೆದು, ಎಡಗಡೆಯ ಖಾಲಿ ಜಾಗದಲ್ಲಿ ಇಳಿದು, ‘ದಿ||’ ಎಂದು ಕೊರೆಯಿತು. ದಿವಂಗತ ತಮ್ಮಯ್ಯ. ಚಲುವರಾಜು ಥಟ್ಟನೆ ಲೋಟವನ್ನು ಬಿಚ್ಚಿಕೊಂಡ. ಯಾವುದೋ ಹಳೇ ತಿಥಿಯ ಬರಹ ಒಳಗೆ ಉಳಿದುಕೊಂಡಿರಬೇಕು ಎಂದು ಸಹನ ಸಮಾಧಾನ ಹೇಳಿದಳು. ಅವನು ಆ ಲೋಟವನ್ನು ಚೆನ್ನಾಗಿ ಉಜ್ಜಿ, ಪಾಲಿಶ್ ಮಾಡಿ, ಉಳಿದವುಗಳ ಜೊತೆ ಸೇರಿಸಿ ಕೊಟ್ಟ.

ಗೃಹಪ್ರವೇಶವಾದ ಹನ್ನೆರಡನೇ ದಿನ ಮೇಷ್ಟ್ರ ಮಗ ಹಂಚಿ ಉಳಿದ ಲೋಟಗಳನ್ನು ಚೀಲದಲ್ಲಿ ತಂದಿಟ್ಟ. ತಲೆ ಬೋಳಿಸಿಕೊಂಡಿದ್ದ. ಅಪ್ಪ ಹೋಗಿಬಿಟ್ಟರು, ತಿಥಿಗೆ ಇವನ್ನೇ ಕೊಡುತ್ತೇವೆ, ಹೆಸರಿಗೆ ಮೊದಲು ‘ದಿ’ ಸೇರಿಸಿಕೊಡಿ ಎಂದ. ಜಾಗ ಬಿಟ್ಟು ಬರೆದಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದ. ಚಲುವರಾಜು ಮೇಲಿನ ಲೋಟವನ್ನು ಬೆಳಕಿಗೆ ಹಿಡಿದ. ಉಜ್ಜಿದ ಜಾಗದಲ್ಲಿ ಆ ಅಕ್ಷರ ತೆಳ್ಳಗೆ ಮೇಲೆದ್ದಿತ್ತು.

ಮರುದಿನ ಬೆಳಗ್ಗೆಯೇ ಅವನು ಮನೆಯಲ್ಲಿ ಯಾರಿಗೂ ವಿಷಯ ಹೇಳದೆ ನಾಗಮಂಗಲಕ್ಕೆ ಹೋದ. ಎಡಗಡೆಯ ಜಾಗದ ಮಾತೆತ್ತಿದ ಕೂಡಲೇ ಪಾರ್ವತಮ್ಮ ಅದರಲ್ಲೇನು ವಿಶೇಷ ಎನ್ನುವ ಹಾಗೆ ನಕ್ಕಳು.

"ನಮ್ಮೋರು ಯಾರ್ ಎಸ್ರು ಬರುದ್ರೂವೆ ಅಷ್ಟು ಜಾಗ ಬುಡೋರು ಕಣಣ್ಣ. ಇವತ್ತು ಮದ್ವೆಗೆ ಬರ್ಸೋರು ನಾಳೀಕೆ ತಿಥಿಗೂ ಅದೇ ಪಾತ್ರೆ ಇಡ್ಕಂಡು ಬತ್ತಾರೆ, ಆಗ ಜಾಗಕ್ಕೆ ಎಲ್ಲೋಗದು ಅನ್ನೋರು."

ಹಾಗೆಂದವಳು ಒಳಗಿನಿಂದ ಒಂದು ತಟ್ಟೆ ತಂದಳು. ಗಂಡ ಕಡೆಯ ದಿನ ಅದನ್ನು ಸಿಗಿಸಿ, ಇಬ್ಬರ ಹೆಸರನ್ನೂ ಬರೆಸುತ್ತೇನೆಂದು ಹೇಳಿ ಟೀ ಕುಡಿಯಲು ಹೋದನಂತೆ. ಟೀ ಅಂಗಡಿಯ ಮುಂದೆಯೇ ಬಿದ್ದನಂತೆ. ನಾಲ್ಕು ಜನ ಹೊತ್ತುಕೊಂಡು ಬಂದಾಗಲೂ ಮಿಷನ್ನು ಕೊರೆಯುತ್ತಲೇ ಇತ್ತಂತೆ.

"ನಂಗೆ ಓದಾಕ್ ಬರಾಕಿಲ್ಲ. ದಿನಾ ಇದ್ರಲ್ಲೇ ಉಣ್ತೀನಿ. ಏನ್ ಬರದದೆ ಓದಣ್ಣ."

ತಟ್ಟೆಯ ಮೇಲೆ ಇದ್ದದ್ದು ಮರಿಸ್ವಾಮಿಯ ಹೆಸರೊಂದೇ. ಅದರ ಎಡಗಡೆ ಜಾಗ ಖಾಲಿ ಇರಲಿಲ್ಲ. ಅಕ್ಷರದ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳಿರದ ಚಲುವರಾಜು, "ಪಾರ್ವತಮ್ಮ ಮರಿಸ್ವಾಮಿ ಅಂತ ಬರದದೆ ಕಣವ್ವ" ಎಂದ. ಅವಳು ಸೆರಗಿನಿಂದ ತಟ್ಟೆಯನ್ನು ಒರೆಸಿಕೊಂಡಳು.

ಅವನು ಮನೆ ಸೇರಿದಾಗ ಮಧ್ಯಾಹ್ನ. ಹೆಂಡತಿ ಬೆಟ್ಟಮ್ಮ ಶ್ರೀರಂಗಪಟ್ಟಣಕ್ಕೆ ಲಗ್ನಪತ್ರಿಕೆ ಹಂಚಲು ಹೋಗಿದ್ದಳು. ಬೀದಿಗೇ ಮಿಷನ್ನಿನ ಸದ್ದು ಕೇಳುತ್ತಿತ್ತು. ಅವನು ಚಪ್ಪಲಿ ಬಿಡದೆ ಒಳಗೆ ನುಗ್ಗಿದ. ಅಪ್ಪ ಬರುವಷ್ಟರಲ್ಲಿ ಒಂದಾದರೂ ತಟ್ಟೆ ಮಾಡಿ ತೋರಿಸಬೇಕೆಂದು ಸಹನ ತನ್ನ ಮದುವೆಯ ತಟ್ಟೆಯನ್ನೇ ಸಿಗಿಸಿದ್ದಳು. ‘ಸಹನ ಅಶೋಕ್’ ಎಂದು ಬರೆದು ಮುಗಿದಿತ್ತು. ಸೂಜಿ ಹಿಂದಕ್ಕೆ ನಡೆಯುತ್ತಿತ್ತು, ಮೆಲ್ಲಗೆ, ಎಡಗಡೆಗೆ.

ಚಲುವರಾಜು ಹಾರಿ ವೈರನ್ನು ಕಿತ್ತ. ಖಾಲಿ ಜಾಗದ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಸೂಜಿ ನಿಂತಿತು.

ಮಗಳು ಬೆಪ್ಪಾಗಿ ನೋಡುತ್ತಿದ್ದಂತೆ ಅವನು ತಟ್ಟೆಯನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹಳೇ ಕೈಮಿಷನ್ನು ಎತ್ತಿಕೊಂಡ. ನಡುಗುವ ಕೈಯಲ್ಲಿ, ಆ ಎರಡು ಬೆರಳು ಜಾಗದಲ್ಲಿ, ಸೊಟ್ಟಪಟ್ಟ ‘ಚಿ||’ ಎಂದು ಬರೆದ. ಚಿರಂಜೀವಿಯಾಗಿರಲಿ ಎಂದು ಹಿರಿಯರು ಕಿರಿಯರ ಹೆಸರಿಗೆ ಇಡುವ ಅಕ್ಷರ ಅದು. ಅಷ್ಟು ಕೆಟ್ಟದಾಗಿ ಅವನು ಜನ್ಮದಲ್ಲಿ ಬರೆದಿರಲಿಲ್ಲ.

"ಯಾಕಪ್ಪ ಇಂಗೆ ಕೆಡಿಸ್ಬುಟ್ಟೆ?" ಎಂದಳು ಸಹನ. ಅವಳ ಕಣ್ಣಲ್ಲಿ ನೀರಿತ್ತು.

"ಜಾಗ ಖಾಲಿ ಬುಡಬಾರ್ದು ಕಣವ್ವ. ಓಗು, ಉಣ್ಣಾಕಿಡು."

ಅವಳು ಒಳಗೆ ಹೋದಳು. ಚಲುವರಾಜು ಮಿಷನ್ನಿನ ಎದುರು ಕೂತ. ಕರೆಂಟಿಲ್ಲದ ಸೂಜಿ ಒಂದೇ ಸಮ ಸಣ್ಣಗೆ ನಡುಗುತ್ತಿತ್ತು, ಅವನ ಬಲಗೈಯಂತೆಯೇ. ಒಡೆದು ನಾಲೆಗೆ ಎಸೆದುಬಿಡೋಣವೇ ಎನಿಸಿತು. ಆದರೆ ಹಿಡಿದ ಕೆಲಸ ಅದು ಬಿಡುವುದಿಲ್ಲ. ಮಗಳ ಹೆಸರಿನ ಮೇಲೆ ನಿಂತ ಕೆಲಸ ಮಗಳ ಮೇಲೆಯೇ ಉಳಿಯುತ್ತದೆ, ಇನ್ನೊಂದು ಹೆಸರು ಸಿಗುವ ತನಕ. ಅವನಿಗೆ ವಿಪರೀತ ಭಯವಾಯಿತು. ಮಗಳ ಮದುವೆ ನೋಡಬೇಕೆಂಬ ಆಸೆ ಇನ್ನೂ ಇತ್ತು.

ಎದ್ದು ಅಡುಗೆಮನೆಯ ಬಾಗಿಲಿನ ಗೂಡಿನಿಂದ ತನ್ನ ತಟ್ಟೆ ತಂದ. ಅದರ ಎಡಗಡೆಯೂ ಎರಡು ಬೆರಳು ಜಾಗ ಖಾಲಿ ಇತ್ತು. ಅಲ್ಲಿ ‘ಚಿ’ ಎಂದು ಬರೆಯುವ ಹಿರಿಯರು ಅವನಿಗೆ ಯಾರೂ ಉಳಿದಿರಲಿಲ್ಲ. ತಟ್ಟೆಯನ್ನು ಸೂಜಿಯ ಕೆಳಗೆ ನೆಟ್ಟಗೆ ಸಿಗಿಸಿ, ವೈರನ್ನು ಪ್ಲಗ್ಗಿಗೆ ಹಾಕಿ, ಸ್ವಿಚ್ಚು ಒತ್ತಿದ.

ಒಳಗಿನಿಂದ ಸಹನ ಕೂಗಿದಳು. "ಅಪ್ಪ, ಮುದ್ದೆ ಆರೋಯ್ತದೆ. ನಿನ್ ತಟ್ಟೆ ಎಲ್ಲಿ, ಕಾಣ್ತಾನೇ ಇಲ್ವಲ್ಲ?"